ಎದೆಯೊಳಗಣ ಮಹಾಸಿರೆಯ ತಡೆ

ಮುಖ ಊದಿಕೊಳ್ಳುವುದಕ್ಕೆ ಕಾರಣಗಳು ಅನೇಕವಾಗಿರುತ್ತವೆ. ನಿದ್ದೆ ಹೆಚ್ಚಾದರೂ ಊದುವುದುಂಟು, ನಿದ್ದೆಗೆಟ್ಟರೂ ಊದುವುದುಂಟು. ಮೂತ್ರಪಿಂಡಗಳ ಬೇನೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ದೇಹಕ್ಕೆ ಒಗ್ಗದ ಪದಾರ್ಥ, ಹಲ್ಲಿನ ಬುಡದ ಕೀವು, ಇವುಗಳಲ್ಲಿ ಯಾವುದರಿಂದಲಾದರೂ ಮುಖ ದಪ್ಪವಾಗಬಹುದು. ಆದಕಾರಣ ಬೆಳಿಗ್ಗೆ ಎದ್ದವರ ಕಣ್ಣುಗಳ ಸುತ್ತ ತುಸು ಬಾವು ಕಂಡರೆ ಮನೆಯವರು ಬೆಚ್ಚಿಬೀಳುವುದಿಲ್ಲ, ಬೀಳಬೇಕಾದುದೂ ಇಲ್ಲ. ಆದರೆ ಈ ಬಾವುಗಳ ಗುಂಪಿನಲ್ಲಿ ಒಂದು ಬಾವು ಬೇರೆ ಜಾತಿಯದು. ಅದು ಮುಖದ ರೋಗವೇ ಅಲ್ಲ. ಎದೆಯ ಗೂಡಿನೊಳಗೆ, ಹೃದಯದ ಬಾಗಿಲ ಬಳಿಯಲ್ಲಿ, ರಕ್ತದ ದಾರಿಗೆ ಅಡ್ಡವಾಗಿ ಬೆಳೆದುನಿಂತಿರುವ ಗಡ್ಡೆಯೊಂದರ ಸೂಚನೆ. ಕ್ಯಾನ್ಸರಿಗಾಗಿ ಈಗಾಗಲೇ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಇದು ತಲೆದೋರುವುದುಂಟು. ಎಷ್ಟೋ ಜನರಲ್ಲಿ, ಒಳಗೆ ಕ್ಯಾನ್ಸರ್ ಇದೆಯೆಂಬ ಸಂಗತಿಯನ್ನು ಮೊಟ್ಟಮೊದಲು ಹೊರಗೆಡಹುವುದೂ ಈ ಬಾವೇ. ಇದನ್ನು ಗುರುತಿಸುವ ಬಗೆ, ಗುರುತಿಸಿದಮೇಲೆ ಮನೆಯವರು ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆದಿದೆ.

ತಲೆ, ಕುತ್ತಿಗೆ, ಎರಡು ತೋಳುಗಳು ಮತ್ತು ಎದೆಯ ಮೇಲ್ಭಾಗ, ಇಷ್ಟರಿಂದ ಹಿಂದಿರುಗುವ ರಕ್ತವೆಲ್ಲವೂ ಹೃದಯವನ್ನು ಸೇರುವುದು ಒಂದೇ ಒಂದು ದೊಡ್ಡ ಸಿರೆಯ ಮೂಲಕ. ವೈದ್ಯರು ಇದಕ್ಕೆ ಸುಪೀರಿಯರ್ ವೀನಾ ಕೇವಾ ಎನ್ನುತ್ತಾರೆ. ನಾವು ಮೇಲಣ ಮಹಾಸಿರೆ ಎಂದು ಕರೆಯೋಣ. ಇದರ ಉದ್ದ ಸುಮಾರು ೭ ಸೆಂಟಿಮೀಟರು, ಅಗಲ ಸುಮಾರು ೨ ಸೆಂಟಿಮೀಟರು. ಹೃದಯಕ್ಕೆ ಮರಳುವ ರಕ್ತದಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಹೆಬ್ಬೆರಳು ಗಾತ್ರದ ಕೊಳವೆಯಲ್ಲಿ ಹರಿಯುತ್ತದೆ. ಅಪಧಮನಿಗಳ ಗೋಡೆ ದಪ್ಪ, ಒಳಗಿನ ಒತ್ತಡವೂ ಹೆಚ್ಚು. ಹೊರಗಿನಿಂದ ಏನು ಒತ್ತಿದರೂ ಅವು ಬೇಗನೆ ಬಗ್ಗುವುದಿಲ್ಲ. ಮಹಾಸಿರೆಯಾದರೋ ತೆಳ್ಳನೆಯ ಗೋಡೆಯದು, ಒಳಗೆ ಒತ್ತಡವೂ ಅತ್ಯಲ್ಪ. ಮೇಲಾಗಿ ಅದು ಇರುವ ಸ್ಥಳವೇ ಇಕ್ಕಟ್ಟು: ಮುಂದೆ ಎದೆಯ ಮೂಳೆ, ಪಕ್ಕದಲ್ಲಿ ಬಲ ಶ್ವಾಸಕೋಶ, ಹಿಂದೆ ಶ್ವಾಸನಾಳ, ಸುತ್ತಲೂ ದುಗ್ಧರಸ ಗ್ರಂಥಿಗಳ ಗೊಂಚಲು. ಶ್ವಾಸಕೋಶದ ಬಲಭಾಗದಲ್ಲಿ ಗಡ್ಡೆ ಬೆಳೆದರೂ, ಈ ಗ್ರಂಥಿಗಳು ರೋಗದಿಂದ ಉಬ್ಬಿದರೂ ಮೊದಲು ಅಮುಕಿಹೋಗುವುದು ಈ ಬಡಪಾಯಿ ಸಿರೆಯೇ.

ತೂಬು ಕಟ್ಟಿದ ಕೆರೆಯ ಗತಿ ಏನಾಗುವುದೆಂಬುದು ನಮ್ಮ ದೇಶದ ಜನರಿಗೆ ಹೇಳಿಕೊಡಬೇಕಾದುದಿಲ್ಲ. ನೀರು ಹಿಂದಕ್ಕೆ ಏರುತ್ತದೆ, ಅಂಗಳದ ಹೊಲಗಳನ್ನು ನೆನೆಸುತ್ತದೆ, ಕೊನೆಗೆ ಕೋಡಿಯನ್ನು ಹುಡುಕಿಕೊಂಡು ಹರಿಯುತ್ತದೆ. ಇಲ್ಲಿಯೂ ಹಾಗೆಯೇ. ಸಾಮಾನ್ಯವಾಗಿ ಪಾದರಸದ ೨ರಿಂದ ೮ ಮಿಲಿಮೀಟರು ಇರತಕ್ಕ ಸಿರೆಯ ಒತ್ತಡ ೨೦ರಿಂದ ೪೦ರವರೆಗೆ ಏರುತ್ತದೆ. ಮುಖ, ಕುತ್ತಿಗೆ, ತೋಳುಗಳು ನೀರು ತುಂಬಿ ಊದಿಕೊಳ್ಳುತ್ತವೆ. ದಿನಗಳು ಕಳೆದಂತೆ ರಕ್ತವು ಎದೆಯ ಮತ್ತು ಬೆನ್ನಿನ ಚಿಕ್ಕ ಚಿಕ್ಕ ಸಿರೆಗಳನ್ನೇ ಅಗಲಮಾಡಿಕೊಂಡು ಸುತ್ತುಬಳಸಿ ಹೃದಯವನ್ನು ಸೇರಲು ದಾರಿ ಮಾಡಿಕೊಳ್ಳುತ್ತದೆ. ಎದೆಯ ಚರ್ಮದ ಕೆಳಗೆ ನೀಲಿಯಾಗಿ ಹೆಣೆದುಕೊಂಡು ಕಾಣುವ ನರಗಳು ಈ ಕೋಡಿಕಾಲುವೆಗಳೇ. ತಡೆಯು ನಿಧಾನವಾಗಿ ಬಂದರೆ ಕಾಲುವೆಗಳಿಗೆ ಬೆಳೆಯಲು ಅವಕಾಶ ದೊರೆಯುತ್ತದೆ, ರೋಗಿ ವಾರಗಟ್ಟಲೆ ತಡೆದುಕೊಳ್ಳಬಲ್ಲನು. ದಿಢೀರನೆ ಬಂದರೆ, ಅದರಲ್ಲಿಯೂ ಅಮುಕಿದ ಸಿರೆಯೊಳಗೆ ರಕ್ತ ಹೆಪ್ಪುಗಟ್ಟಿಬಿಟ್ಟರೆ, ಆ ಅವಕಾಶವಿರುವುದಿಲ್ಲ. ಅಪಾಯವಿರುವುದು ತಡೆಯ ಗಾತ್ರದಲ್ಲಿ ಎಷ್ಟೋ, ಅದು ಬಂದ ವೇಗದಲ್ಲಿಯೂ ಅಷ್ಟೇ.

ಈ ರೋಗವನ್ನು ಮೊದಲು ವರ್ಣಿಸಿದವನು ವಿಲಿಯಂ ಹಂಟರ್ ಎಂಬ ವೈದ್ಯ, ೧೭೫೭ರಲ್ಲಿ. ಅವನು ಕಂಡ ರೋಗಿಗೆ ಮಹಾಪಧಮನಿ ಉಬ್ಬಿ ಪಕ್ಕದ ಸಿರೆಯನ್ನು ಒತ್ತಿತ್ತು. ಅದಕ್ಕೆ ಮೂಲ ಮೇಹರೋಗ. ಅನಂತರ ಬಹುಕಾಲ ಮೇಹ ಮತ್ತು ಕ್ಷಯಗಳೇ ಈ ತಡೆಗೆ ದೊಡ್ಡ ಕಾರಣಗಳಾಗಿದ್ದವು. ಔಷಧಗಳು ಬಂದು ಅವು ಹಿಂದೆ ಸರಿದಮೇಲೆ ಆ ಸ್ಥಾನವನ್ನು ಕ್ಯಾನ್ಸರ್ ಆಕ್ರಮಿಸಿತು. ಕ್ಯಾನ್ಸರಿನಿಂದ ಉಂಟಾಗುವ ತಡೆಗಳಲ್ಲಿ ನೂರಕ್ಕೆ ಸುಮಾರು ೭೫ ಶ್ವಾಸಕೋಶದ ಕ್ಯಾನ್ಸರಿನವು. ೧೦ರಿಂದ ೧೫ರಷ್ಟು ದುಗ್ಧರಸ ಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾದವು. ಉಳಿದವು ಸ್ತನ ಮುಂತಾದ ಬೇರೆ ಅಂಗಗಳಿಂದ ಹಬ್ಬಿದವು. ಬೆಂಗಳೂರಿನಲ್ಲಿ ೧೯೮೨ರಿಂದ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು ಕಿದ್ವಾಯಿ ಸಂಸ್ಥೆಯವರು ಕ್ರಮವಾಗಿ ಇಡುತ್ತ ಬಂದಿದ್ದಾರೆ. ಈ ನಗರದ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮುಂದಿನ ಸಾಲಿನಲ್ಲಿದೆ. ಬೀಡಿ ಸಿಗರೇಟು ಮುಟ್ಟದವರಿಗೆ ಇದು ಬಾರದೆಂದು ತಿಳಿಯುವುದು ಸರಿಯಲ್ಲ. ನಮ್ಮ ದೇಶದ ರೋಗಿಗಳಲ್ಲಿ ಹೊಗೆಯನ್ನೇ ಸೇದದವರು, ವಿಶೇಷವಾಗಿ ಹೆಂಗಸರು, ಬಹಳ ಮಂದಿ ಇದ್ದಾರೆ.

ಇನ್ನು ಲಕ್ಷಣಗಳು. ಇವುಗಳನ್ನು ವೈದ್ಯರಿಗಿಂತ ಮೊದಲು ಕಾಣತಕ್ಕವರು ಮನೆಯವರೇ, ಅದರಲ್ಲಿಯೂ ಗೃಹಿಣಿಯರು. ಮುಖದ ಬಾವು ಬೆಳಿಗ್ಗೆ ಹೆಚ್ಚು. ಎದ್ದು ಓಡಾಡಿದಮೇಲೆ ಮಧ್ಯಾಹ್ನದ ಹೊತ್ತಿಗೆ ತುಸು ಇಳಿಯುತ್ತದೆ. ಮೂತ್ರಪಿಂಡದ ಬಾವಿನಲ್ಲಿಯೂ ಹೀಗಾಗುವುದುಂಟು, ಆದರೆ ಅಲ್ಲಿ ಕಾಲುಗಳೂ ಊದುತ್ತವೆ. ಇಲ್ಲಿ ಕಾಲು ತೆಳ್ಳಗೇ ಇದ್ದು ಮೇಲಿನರ್ಧ ಮಾತ್ರ ಊದುತ್ತದೆ. ಅಂಗಿಯ ಮೇಲಿನ ಗುಂಡಿ ಹಾಕಲಾಗುವುದಿಲ್ಲ. ರವಿಕೆಯ ತೋಳು ಬಿಗಿಯಾಗುತ್ತದೆ. ಬಳೆ ಮೊಣಕೈಗೆ ಏರುವುದಿಲ್ಲ, ಉಂಗುರ ಬೆರಳಿನಿಂದ ಕಳಚುವುದಿಲ್ಲ. ಬಗ್ಗಿದೊಡನೆ ತಲೆ ಭಾರವಾಗಿ ಕಣ್ಣು ಕತ್ತಲಿಡುತ್ತದೆ: ರಂಗೋಲಿ ಇಡಲು ಕುಳಿತ ಹೆಂಗಸು ನಡುವೆಯೇ ಎದ್ದುಬಿಡುತ್ತಾಳೆ, ದೇವರಿಗೆ ಸಾಷ್ಟಾಂಗ ಮಾಡುತ್ತಿದ್ದ ಹಿರಿಯರು ನಿಂತೇ ಕೈಮುಗಿಯುವುದನ್ನು ರೂಢಿಮಾಡಿಕೊಳ್ಳುತ್ತಾರೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಒಂದು ದಿಂಬಿದ್ದವರು ಎರಡು ಕೇಳುತ್ತಾರೆ, ಎರಡಿದ್ದವರು ಗೋಡೆಗೆ ಒರಗಿ ರಾತ್ರಿ ಕಳೆಯುತ್ತಾರೆ. ಒಣಕೆಮ್ಮು, ಧ್ವನಿ ಒಡೆಯುವುದು, ನುಂಗುವಾಗ ತೊಡಕು ಇವೂ ಜೊತೆಗೂಡಬಹುದು. ಕುತ್ತಿಗೆಯ ನರಗಳು ಕುಳಿತಾಗಲೂ ಉಬ್ಬಿರುತ್ತವೆ, ಮುಖ ಕೆಂಪು ಬೆರೆತ ನೀಲಿ ಬಣ್ಣಕ್ಕೆ ತಿರುಗುತ್ತದೆ. ಹ್ಯೂ ಪೆಂಬರ್ಟನ್ ಎಂಬ ಆಂಗ್ಲ ವೈದ್ಯರು ೧೯೪೬ರಲ್ಲಿ ಎರಡು ಕೈಗಳನ್ನೂ ಮೇಲೆತ್ತಿಸಿ ನೋಡುವ ಒಂದು ಉಪಾಯವನ್ನು ಬರೆದರು. ಎದೆಯೊಳಕ್ಕೆ ಇಳಿದ ಗಳಗಂಡವಿದ್ದವರಲ್ಲಿ ಕೈ ಎತ್ತಿದ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರಿ ಉಬ್ಬುತ್ತದೆ. ಇದು ವೈದ್ಯರ ಕೈಯಲ್ಲಿರತಕ್ಕ ಪರೀಕ್ಷೆ. ಮನೆಯಲ್ಲಿ ಉಸಿರಿಗಾಗಿ ಕಷ್ಟಪಡುತ್ತಿರುವವರ ಕೈ ಎತ್ತಿಸಿ ತಮಾಷೆ ನೋಡಬೇಕಾದುದಿಲ್ಲ.

ಈ ಲಕ್ಷಣಗಳನ್ನು ತಪ್ಪಾಗಿ ಓದುವುದು ಬಹು ಸುಲಭ. ಗರುಡಾಚಾರ್‌ಪಾಳ್ಯದಂತಹ ಸ್ಥಳವನ್ನು ತೆಗೆದುಕೊಳ್ಳಿ. ಮಹದೇವಪುರ, ಹೂಡಿಗಳ ನಡುವೆ ರಾಗಿಯ ಹೊಲಗಳ ಪಕ್ಕದ ಹಳ್ಳಿಯಾಗಿದ್ದ ಈ ಊರು ಈಗ ಕಾರ್ಖಾನೆಗಳೂ ಕಚೇರಿಗಳೂ ಮಾಳಿಗೆಯ ಮೇಲೆ ಮಾಳಿಗೆಯಾಗಿ ಎದ್ದ ಬಾಡಿಗೆ ಮನೆಗಳೂ ಒತ್ತೊತ್ತಾಗಿ ನೆರೆದ ನಗರಭಾಗ. ಬೇರೆ ಬೇರೆ ಜಿಲ್ಲೆಗಳಿಂದ, ಬೇರೆ ಬೇರೆ ರಾಜ್ಯಗಳಿಂದ ದುಡಿಯಲು ಬಂದವರೇ ಇಲ್ಲಿ ಬಹಳ. ಇಂತಹವರಿಗೆ ಮನೆಯ ವೈದ್ಯರೆಂಬವರು ಇರುವುದಿಲ್ಲ. ರಜೆ ಹಾಕಿದರೆ ಸಂಬಳ ಮುರಿಯುತ್ತದೆ. ಆದ್ದರಿಂದ ಸಂಜೆ ಕೆಲಸ ಬಿಟ್ಟಮೇಲೆ ಬೀದಿಯ ತುದಿಯ ಕ್ಲಿನಿಕ್ಕಿಗೆ ಹೋಗುತ್ತಾರೆ, ಅದೂ ಮುಚ್ಚಿದ್ದರೆ ಔಷಧದ ಅಂಗಡಿಯಲ್ಲಿಯೇ ಕೇಳಿ ಮಾತ್ರೆ ಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಬಾವು ಇಳಿದಿರುತ್ತದೆಂಬುದನ್ನು ವಾಚಕರು ನೆನಪಿಡಬೇಕು. ಅಲರ್ಜಿಯೆಂದು ಹೇಳಿ ಒಂದು ಚುಚ್ಚುಮದ್ದು ಕೊಟ್ಟು ಕಳುಹಿಸುವುದು ಅಲ್ಲಿ ಸಹಜ. ಕೆಮ್ಮು ಮುಂದಾಗಿ ಎಕ್ಸ್‌ರೇಯಲ್ಲಿ ನೆರಳು ಕಂಡರೆ ಕ್ಷಯವೆಂದು ತಿಳಿದು, ಕಫದ ಪರೀಕ್ಷೆಯೂ ಇಲ್ಲದೆ, ತಿಂಗಳುಗಟ್ಟಲೆ ಕ್ಷಯದ ಮಾತ್ರೆಗಳನ್ನು ನುಂಗಿದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು ಭರತಖಂಡದ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿಯೂ ಸಿಕ್ಕುತ್ತಾರೆ. ಇದರಲ್ಲಿ ಒಬ್ಬರನ್ನೇ ದೂರಿ ಫಲವಿಲ್ಲ. ಕ್ಷಯ ನಮ್ಮಲ್ಲಿ ನಿಜವಾಗಿಯೂ ಹೆಚ್ಚು, ಮತ್ತು ಕ್ಷಯದ ಗ್ರಂಥಿಗಳೂ ಅಪರೂಪಕ್ಕೆ ಈ ಸಿರೆಯನ್ನು ಒತ್ತುವುದುಂಟು.

ಆದರೆ ಚುಚ್ಚುಮದ್ದಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಲರ್ಜಿಗೆಂದು ಕೊಡುವ ಆ ಮದ್ದು ಅನೇಕವೇಳೆ ಸ್ಟೀರಾಯ್ಡ್ ಆಗಿರುತ್ತದೆ. ಲಿಂಫೋಮಾದ ಗಡ್ಡೆಗಳು ಸ್ಟೀರಾಯ್ಡಿಗೆ ಬೆಣ್ಣೆಯಂತೆ ಕರಗುತ್ತವೆ. ಮೂರು ದಿನದಲ್ಲಿ ಮುಖ ಇಳಿಯುತ್ತದೆ, ಉಸಿರು ಸಲೀಸಾಗುತ್ತದೆ, ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸುತ್ತಾರೆ. ಕೆಲವು ವಾರಗಳಲ್ಲಿ ಬಾವು ಮರಳಿ ಬರುತ್ತದೆ. ಆಗ ದೊಡ್ಡ ಆಸ್ಪತ್ರೆಗೆ ಹೋದರೆ, ಗಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಸತ್ತ ಕಣಗಳ ಹೊರತು ಬೇರೇನೂ ಕಾಣದೆ ಹೋಗಬಹುದು. ರೋಗ ಒಳಗೇ ಇದೆ, ಅದರ ಹೆಸರು ಮಾತ್ರ ಅಳಿಸಿಹೋಗಿದೆ. ಹೆಸರು ತಿಳಿಯದೆ ಸರಿಯಾದ ಔಷಧವನ್ನು ಆರಿಸುವುದು ಸಾಧ್ಯವಿಲ್ಲ. ಗುಣಮಾಡಬಹುದಾದ ಕ್ಯಾನ್ಸರುಗಳಲ್ಲಿ ಲಿಂಫೋಮಾ ಮುಖ್ಯವಾದುದೆಂಬುದನ್ನು ಯೋಚಿಸಿದರೆ ಈ ನಷ್ಟ ಎಷ್ಟು ದೊಡ್ಡದೆಂಬುದು ಹೊಳೆಯುತ್ತದೆ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ, ಇದಕ್ಕೆ ಮುಂಚೆ ಕೊಟ್ಟ ಚುಚ್ಚುಮದ್ದು ಮತ್ತು ಮಾತ್ರೆಗಳ ಚೀಟಿಗಳನ್ನು, ಚೀಟಿ ಇಲ್ಲದಿದ್ದರೆ ಖಾಲಿ ಪಟ್ಟಿಗಳನ್ನಾದರೂ, ತೋರಿಸತಕ್ಕದ್ದು.

ಹಿಂದೆ ವೈದ್ಯರು ಈ ತಡೆಯನ್ನು ಕಂಡೊಡನೆ, ರೋಗದ ಹೆಸರನ್ನು ಕೇಳುವ ಗೊಡವೆಗೆ ಹೋಗದೆ, ಅದೇ ರಾತ್ರಿ ಎದೆಗೆ ಕಿರಣ ಚಿಕಿತ್ಸೆ ಕೊಡುತ್ತಿದ್ದರು. ಒಂದು ಗಳಿಗೆ ತಡವಾದರೂ ಪ್ರಾಣಹಾನಿಯೆಂಬ ನಂಬಿಕೆ ಬಲವಾಗಿತ್ತು. ೧೯೮೪ರಲ್ಲಿ ಫ್ರೆಡರಿಕ್ ಆಮನ್ ಎಂಬ ಅಮೆರಿಕದ ವೈದ್ಯರು ಅದುವರೆಗೆ ಪ್ರಕಟವಾಗಿದ್ದ ರೋಗಿಗಳ ವೃತ್ತಾಂತಗಳನ್ನೆಲ್ಲ ಕೂಡಿಸಿ ಓದಿ, ಸಿರೆಯ ತಡೆಯೊಂದರಿಂದಲೇ ಸತ್ತರೆಂದು ಖಂಡಿತವಾಗಿ ಹೇಳಬಹುದಾದ ಸಂಗತಿ ಅತ್ಯಂತ ವಿರಳವೆಂದು ತೋರಿಸಿದರು. ಅಂದಿನಿಂದ ಪದ್ಧತಿ ಬದಲಾಯಿತು. ೨೦೦೮ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ವೈದ್ಯರು ಈ ರೋಗವನ್ನು ಮೆಟ್ಟಲು ಮೆಟ್ಟಲಾಗಿ ವಿಂಗಡಿಸಿದರು. ಅವರ ಅಂದಾಜಿನಂತೆ ನೂರು ರೋಗಿಗಳಲ್ಲಿ ಹತ್ತು ಮಂದಿಗೆ ಬಾಧೆಯೇ ಇರುವುದಿಲ್ಲ, ತಡೆ ಚಿತ್ರದಲ್ಲಿ ಮಾತ್ರ ಕಾಣುತ್ತದೆ. ೨೫ ಮಂದಿಗೆ ಅಲ್ಪ ಬಾವು. ೫೦ ಮಂದಿಗೆ ನುಂಗುವುದು, ಕೆಮ್ಮು, ತಲೆಯ ಚಲನೆ ಮುಂತಾದುವುಗಳಲ್ಲಿ ತೊಂದರೆ. ಹತ್ತು ಮಂದಿಗೆ ತೀವ್ರ ಬಾಧೆ. ಐದು ಮಂದಿಗೆ ಪ್ರಾಣಾಪಾಯ. ಸಾವು ನೂರಕ್ಕೆ ಒಂದಕ್ಕಿಂತ ಕಡಮೆ. ಈ ಲೆಕ್ಕವನ್ನು ಬರೆಯುವುದು ಉದಾಸೀನಮಾಡಲೆಂದಲ್ಲ. ಬಹುಪಾಲು ಜನರಿಗೆ ರೋಗದ ಹೆಸರನ್ನು ಪತ್ತೆಮಾಡುವಷ್ಟು, ಎಂದರೆ ಒಂದೆರಡು ದಿನದ, ವ್ಯವಧಾನವುಂಟೆಂದು ತಿಳಿಸುವುದಕ್ಕಾಗಿ. ವಾರಗಳ ವ್ಯವಧಾನವಿಲ್ಲ.

ಆ ಐದು ಮಂದಿಯನ್ನು ಗುರುತಿಸುವುದು ಹೇಗೆ? ಉಸಿರು ಎಳೆದುಕೊಳ್ಳುವಾಗ ಗಂಟಲಿನಲ್ಲಿ ಸೀಟಿಯಂತೆ ಅಥವಾ ಗರಗಸದಂತೆ ಶಬ್ದ ಬಂದರೆ ಶ್ವಾಸದ ದಾರಿಯೇ ಊದಿ ಕಿರಿದಾಗುತ್ತಿದೆ ಎಂದರ್ಥ. ರೋಗಿ ಮಂಕಾಗಿ, ತೊದಲಿ, ಹೊತ್ತು ಗೊತ್ತು ತಿಳಿಯದೆ ತೂಕಡಿಸಲು ತೊಡಗಿದರೆ ಮಿದುಳು ಊದುತ್ತಿದೆ ಎಂದರ್ಥ. ಬಗ್ಗದೆಯೇ, ಕೆಮ್ಮದೆಯೇ ಸುಮ್ಮನೆ ಕುಳಿತಲ್ಲಿ ಮೂರ್ಛೆ ಹೋದರೆ ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದರ್ಥ. ಈ ಮೂರರಲ್ಲಿ ಒಂದು ಕಂಡರೂ ಅದು ರಾತ್ರಿಯೋ ಹಗಲೋ, ಅಮಾವಾಸ್ಯೆಯೋ ಹಬ್ಬವೋ ನೋಡತಕ್ಕದ್ದಲ್ಲ.

ಮನೆಯಲ್ಲಿ ಮೊದಲು ಮಾಡತಕ್ಕದ್ದು ರೋಗಿಯನ್ನು ನೆಟ್ಟಗೆ ಕೂರಿಸುವುದು. ಸುಸ್ತಾದವರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಕಾಲಿನ ಕೆಳಗೆ ದಿಂಬು ಕೊಡುವುದು ನಮ್ಮ ಮನೆಗಳ ರೂಢಿ. ಬೇರೆ ಸಂದರ್ಭಗಳಲ್ಲಿ ಒಳ್ಳೆಯದಾಗಿರಬಹುದಾದ ಆ ಉಪಚಾರ ಇಲ್ಲಿ ಶತ್ರು. ತಲೆ ತಗ್ಗಿದಷ್ಟೂ ಬಾವು ಏರುತ್ತದೆ. ಕುರ್ಚಿಯಲ್ಲಿಯೋ, ಗೋಡೆಗೆ ದಿಂಬು ಒಡ್ಡಿಯೋ ಕೂರಿಸಿ, ಕುತ್ತಿಗೆಯ ಗುಂಡಿ, ಬಿಗಿ ರವಿಕೆ, ಸರ ಇವುಗಳನ್ನು ಸಡಿಲಿಸಬೇಕು. ಉಂಗುರ ಬಳೆಗಳನ್ನು ಆಗಲೇ, ತೆಗೆಯಲಾಗುವಷ್ಟು ಬಾವಿರುವಾಗಲೇ, ಸೋಪು ಹಚ್ಚಿ ತೆಗೆದುಬಿಡಬೇಕು. ಮುತ್ತೈದೆಯ ಬಳೆಯೆಂದು ಅತ್ತೆಯವರು ಆಕ್ಷೇಪಿಸಿದರೆ, ಗುಣವಾದಮೇಲೆ ಹೊಸ ಬಳೆ ತೊಡಿಸುವೆವೆಂದು ಸಮಾಧಾನ ಹೇಳಬಹುದು. ಬೆರಳಿನಲ್ಲಿ ಸಿಕ್ಕಿಬಿದ್ದ ಉಂಗುರವನ್ನು ಆಸ್ಪತ್ರೆಯಲ್ಲಿ ಕತ್ತರಿಸಬೇಕಾಗುತ್ತದೆ. ಎದೆಗೆ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ, ಹಬೆಗಾಗಿ ತಲೆ ಬಗ್ಗಿಸಿ ಕಂಬಳಿ ಮುಚ್ಚುವುದು ಯಾವುದೂ ಕೂಡದು. ಹಿಂದೆ ಯಾರಿಗೋ ಬರೆದುಕೊಟ್ಟು ಉಳಿದಿರುವ ನೀರಿಳಿಸುವ ಮಾತ್ರೆಯನ್ನು ತಂದು ನುಂಗಿಸತಕ್ಕದ್ದಲ್ಲ. ದೇಹ ಒಣಗಿದರೆ ರಕ್ತ ಹೆಪ್ಪುಗಟ್ಟಲು ಅನುಕೂಲವಾಗುತ್ತದೆ. ಮಂಕಾಗಿರುವವರ ಬಾಯಿಗೆ ಕಾಫಿಯಾಗಲಿ ನೀರಾಗಲಿ ಹೊಯ್ಯಬಾರದು.

ಕೈಗಳ ವಿಷಯ ಬೇರೆಯಾಗಿ ಹೇಳಬೇಕು. ಊದಿದ ಕೈಯಲ್ಲಿ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸಿದರೆ ಆ ನೀರೂ ಔಷಧವೂ ತಡೆಯ ಹಿಂದೆಯೇ ನಿಲ್ಲುತ್ತವೆ; ಬಾವು ಹೆಚ್ಚುತ್ತದೆ, ಔಷಧ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ, ಚುಚ್ಚಿದೆಡೆಯಿಂದ ರಕ್ತ ಬೇಗ ನಿಲ್ಲುವುದೂ ಇಲ್ಲ. ಇಂತಹ ರೋಗಿಗಳಿಗೆ ಕಾಲಿನ ಸಿರೆಯಲ್ಲಿ ಸೂಜಿ ಹಾಕುವುದು ಪದ್ಧತಿ. ಕ್ಯಾನ್ಸರ್ ಆಸ್ಪತ್ರೆಯವರಿಗೆ ಇದು ತಿಳಿದ ಸಂಗತಿಯೇ. ಆದರೆ ದಾರಿಯಲ್ಲಿ ಸಿಕ್ಕ ಚಿಕ್ಕ ನರ್ಸಿಂಗ್ ಹೋಮಿನಲ್ಲಿ, ರಾತ್ರಿಯ ಪಾಳಿಯ ಅವಸರದಲ್ಲಿ, ಯಾರಾದರೂ ಕೈಗೆ ಪಟ್ಟಿ ಕಟ್ಟಲು ಬಂದರೆ, ಮನೆಯವರು ವಿನಯದಿಂದ ‘ಎದೆಯ ದೊಡ್ಡ ಸಿರೆಗೆ ತಡೆ ಇರಬಹುದು, ಡಾಕ್ಟರನ್ನು ಒಮ್ಮೆ ಕೇಳಿ’ ಎಂದು ಹೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಸಾಗಿಸುವ ಮಾತು. ಗರುಡಾಚಾರ್‌ಪಾಳ್ಯಕ್ಕೆ ೨೦೨೩ರ ಮಾರ್ಚಿಯಿಂದ ಮೆಟ್ರೋ ರೈಲಿದೆ. ಅದೇ ವರ್ಷದ ಅಕ್ಟೋಬರಿನಿಂದ ಅದು ಮೆಜೆಸ್ಟಿಕ್ಕಿನವರೆಗೆ ತಡೆಯಿಲ್ಲದೆ ಓಡುತ್ತಿದೆ. ನಿಗದಿಯಾದ ದಿನ ವೈದ್ಯರನ್ನು ಕಾಣಲು, ಚೆನ್ನಾಗಿ ಓಡಾಡುವ ರೋಗಿಗೆ, ಇದಕ್ಕಿಂತ ಅನುಕೂಲ ಬೇರೆಯಿಲ್ಲ. ಆದರೆ ಉಸಿರಿನಲ್ಲಿ ಶಬ್ದ ಬಂದ ರೋಗಿಯನ್ನು ನಿಲ್ದಾಣದ ಮೆಟ್ಟಲು ಹತ್ತಿಸುವುದೂ, ಬೈಕಿನ ಹಿಂದೆ ಇಬ್ಬರ ನಡುವೆ ಕೂರಿಸುವುದೂ ಅವಿವೇಕ. ೧೦೮ ಎಂಬ ಸಂಖ್ಯೆಗೆ ಕರೆಮಾಡಿದರೆ ಬರುವ ಆಂಬುಲೆನ್ಸಿನ ಏರ್ಪಾಡು ನಮ್ಮ ರಾಜ್ಯದಲ್ಲಿ ೨೦೦೮ರಿಂದ ಇದೆ. ಅದಕ್ಕೆ ಹಣ ಕೊಡಬೇಕಾದುದಿಲ್ಲ. ಕರೆಮಾಡುವಾಗಲೇ ಉಸಿರಾಟದ ತೊಂದರೆಯೆಂದೂ ಆಮ್ಲಜನಕ ಬೇಕೆಂದೂ ತಿಳಿಸಬೇಕು. ವಾಹನದಲ್ಲಿಯೂ ರೋಗಿಯನ್ನು ಒರಗಿಸಿ ಕೂರಿಸಿಯೇ ಒಯ್ಯಲು ಕೇಳಿಕೊಳ್ಳಬೇಕು. ಕೃಷ್ಣರಾಜಪುರದ ಸೇತುವೆ ಮತ್ತು ಟಿನ್ ಫ್ಯಾಕ್ಟರಿಯ ಬಳಿಯ ಸಂಜೆಯ ಸಂದಣಿಯನ್ನು ಬಲ್ಲವರಿಗೆ ಮುಂದಿನ ಮಾತು ತಾನಾಗಿ ತಿಳಿಯುತ್ತದೆ: ಪ್ರಾಣಾಪಾಯದ ಚಿಹ್ನೆಗಳಿದ್ದಾಗ ನಗರದ ಇನ್ನೊಂದು ತುದಿಯ ಹೆಸರುವಾಸಿಯಾದ ಆಸ್ಪತ್ರೆಯನ್ನೇ ಹಿಡಿಯಬೇಕೆಂಬ ಹಟ ಬೇಡ. ಉಸಿರಿನ ದಾರಿಯನ್ನು ಕಾಪಾಡಬಲ್ಲ, ತುರ್ತು ಚಿಕಿತ್ಸೆಯ ವಿಭಾಗವುಳ್ಳ ಹತ್ತಿರದ ದೊಡ್ಡ ಆಸ್ಪತ್ರೆಗೆ ಮೊದಲು ಸೇರಿಸಿ, ಉಸಿರು ನಿಂತ ನೆಲೆಗೆ ಬಂದಮೇಲೆ ಕ್ಯಾನ್ಸರ್ ಆಸ್ಪತ್ರೆಗೆ ವರ್ಗಾಯಿಸಿಕೊಳ್ಳಬಹುದು. ಆ ಚಿಹ್ನೆಗಳಿಲ್ಲದಿದ್ದರೆ, ಮತ್ತು ರೋಗಿ ಮೊದಲೇ ಒಂದು ಕ್ಯಾನ್ಸರ್ ಆಸ್ಪತ್ರೆಯ ಲೆಕ್ಕದಲ್ಲಿದ್ದರೆ, ನೇರವಾಗಿ ಅಲ್ಲಿಗೇ ಹೋಗುವುದು ಮೇಲು. ಹಳೆಯ ಚಿತ್ರಗಳೂ ಬಯಾಪ್ಸಿಯ ವರದಿಯೂ ಅಲ್ಲಿಯೇ ಇರುತ್ತವಷ್ಟೆ.

ಬೆಂಗಳೂರಿನಲ್ಲಿ ಇಂತಹ ಸಂಸ್ಥೆಗಳಲ್ಲಿ ಸಾಮಾನ್ಯ ಜನರಿಗೆ ಹೆಚ್ಚು ಪರಿಚಿತವಾದುದು ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ. ಸ್ವಾತಂತ್ರ್ಯಾನಂತರ ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಹೊತ್ತು ೧೯೭೩ರಲ್ಲಿ ಆರಂಭವಾದ ಇದು ೧೯೮೦ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ದಂಡಿನ ಭಾಗದವರಿಗೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ತಲೆಮಾರುಗಳಿಂದ ತುರ್ತು ಆಶ್ರಯ. ಖರ್ಚಿನ ವಿಷಯದಲ್ಲಿ, ಬಡತನರೇಖೆಯ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೆಂಬ ಯೋಜನೆ ೨೦೧೮ರಿಂದ ಇದೆ. ಪಡಿತರ ಚೀಟಿಯೂ ಆಧಾರ್ ಚೀಟಿಯೂ ಒಂದೇ ಚೀಲದಲ್ಲಿ, ವೈದ್ಯರ ಕಾಗದಗಳ ಜೊತೆಯಲ್ಲಿ ಇರಲಿ.

ಆಸ್ಪತ್ರೆಯಲ್ಲಿ ನಡೆಯುವುದನ್ನು ಮೊದಲೇ ತಿಳಿದಿದ್ದರೆ ಮನೆಯವರ ಕಳವಳ ಅರ್ಧ ಕಡಮೆಯಾಗುತ್ತದೆ. ಆಮ್ಲಜನಕ ಕೊಟ್ಟು, ಮಂಚದ ತಲೆಭಾಗವನ್ನು ಎತ್ತರಿಸಿ, ಔಷಧವನ್ನು ಸಿರೆಗೆ ಬಿಟ್ಟು ಎದೆಯ ಸಿ.ಟಿ. ಸ್ಕ್ಯಾನ್ ತೆಗೆಯುತ್ತಾರೆ. ತಡೆ ಎಲ್ಲಿದೆ, ಹೊರಗಿನ ಗಡ್ಡೆಯದೋ ಒಳಗಿನ ಹೆಪ್ಪೋ ಎಂಬುದು ಅದರಲ್ಲಿ ತಿಳಿಯುತ್ತದೆ. ಸ್ಕ್ಯಾನಿಗೆ ಚಪ್ಪಟೆಯಾಗಿ ಮಲಗಬೇಕಾಗುವುದರಿಂದ, ಮಲಗಿದರೆ ಉಸಿರು ಕಟ್ಟುವುದೆಂಬುದನ್ನು ಅಲ್ಲಿನವರಿಗೆ ಮುಂಚಿತವಾಗಿ ಹೇಳತಕ್ಕದ್ದು. ಅನಂತರ ಬಯಾಪ್ಸಿ. ಕುತ್ತಿಗೆಯಲ್ಲಿ ಗ್ರಂಥಿ ಕೈಗೆ ಸಿಕ್ಕಿದರೆ ಅಷ್ಟು ಭಾಗವನ್ನು ಮಾತ್ರ ಮರಗಟ್ಟಿಸಿ ಚೂರು ತೆಗೆಯುತ್ತಾರೆ. ಪೂರ್ಣ ಅರಿವಳಿಕೆ ಕೊಡಲು ವೈದ್ಯರು ಹಿಂಜರಿದರೆ ಅದು ಅವರ ಅಸಾಮರ್ಥ್ಯವಲ್ಲ. ಎದೆಯ ನಡುವೆ ದೊಡ್ಡ ಗಡ್ಡೆಯಿರುವವರು ಅರಿವಳಿಕೆಯಲ್ಲಿ ಸಡಿಲವಾಗಿ ಮಲಗಿದಾಗ ಶ್ವಾಸನಾಳವೇ ಮುಚ್ಚಿಹೋಗುವ ಭಯವಿರುತ್ತದೆ.

ಹೆಸರು ತಿಳಿದಮೇಲೆ ದಾರಿ ಕವಲೊಡೆಯುತ್ತದೆ. ಲಿಂಫೋಮಾ, ಶ್ವಾಸಕೋಶದ ಸಣ್ಣ ಕಣದ ಕ್ಯಾನ್ಸರ್ ಮತ್ತು ತರುಣರಲ್ಲಿ ಕಾಣುವ ಬೀಜಕಣಗಳ ಗಡ್ಡೆ, ಇವು ಔಷಧಕ್ಕೆ ಬೇಗ ಬಗ್ಗುತ್ತವೆ. ಕಿಮೊಥೆರಪಿ ಕೊಟ್ಟ ಒಂದೆರಡು ವಾರದಲ್ಲಿ ಮುಖ ಹಿಂದಿನಂತಾಗುವುದುಂಟು. ಸಣ್ಣ ಕಣದ ಕ್ಯಾನ್ಸರಿನಲ್ಲಿ ಸುಮಾರು ಮುಕ್ಕಾಲು ಪಾಲು ರೋಗಿಗಳಿಗೆ ಹೀಗೆ ಬಿಡುವು ದೊರೆಯುತ್ತದೆ. ಶ್ವಾಸಕೋಶದ ಬೇರೆ ಜಾತಿಯ ಕ್ಯಾನ್ಸರುಗಳಲ್ಲಿ ಕಿರಣ ಚಿಕಿತ್ಸೆಯೂ ಹೊಸ ಬಗೆಯ ಮಾತ್ರೆಗಳೂ ನೆರವಿಗೆ ಬರುತ್ತವೆ. ಆದರೆ ಪ್ರಾಣಾಪಾಯದಲ್ಲಿರುವ ರೋಗಿಗೆ ಎರಡು ವಾರ ಕಾಯುವಂತಿಲ್ಲ. ಅವರಿಗೆ ಸ್ಟೆಂಟ್. ತೊಡೆಯ ಸಂದಿನ ಸಿರೆಯಿಂದ ತೆಳ್ಳನೆಯ ತಂತಿಯನ್ನು ತಡೆಯವರೆಗೆ ತೂರಿಸಿ, ಮಡಿಸಿದ ಲೋಹದ ಬಲೆಯ ಕೊಳವೆಯನ್ನು ಅಲ್ಲಿ ಅರಳಿಸುತ್ತಾರೆ. ಕುಸಿದ ಬಾವಿಯ ಗೋಡೆಗೆ ಉರುಳೆ ಇಳಿಸುವಂತೆ. ಮಹಾಸಿರೆಯಲ್ಲಿ ಈ ವಿಧಾನ ೧೯೮೬ರಿಂದ ರೂಢಿಗೆ ಬಂದಿತು. ಹೊರಗೆ ಕೊಯ್ಲು ಇಲ್ಲ. ತಲೆಯ ಭಾರ ಕೆಲವು ಗಂಟೆಗಳಲ್ಲಿಯೇ ಇಳಿದು, ಬಾವು ಎರಡು ಮೂರು ದಿನಗಳಲ್ಲಿ ತಗ್ಗುತ್ತದೆ. ನೂರಕ್ಕೆ ಸುಮಾರು ೯೫ ಮಂದಿಗೆ ಇದರಿಂದ ಸುಖ ಸಿಕ್ಕುತ್ತದೆಂಬುದು ಲೆಕ್ಕ. ಸ್ಟೆಂಟಿನಿಂದ ಬಯಾಪ್ಸಿಗೆ ಅಡ್ಡಿಯಿಲ್ಲವೆಂಬುದು ಅದರ ಇನ್ನೊಂದು ಗುಣ. ಆದರೆ ಅದು ದಾರಿಯನ್ನು ತೆರೆಯುತ್ತದೆಯೇ ಹೊರತು ಗಡ್ಡೆಯನ್ನು ಮುಟ್ಟುವುದಿಲ್ಲ. ಬಾವು ಇಳಿದೊಡನೆ ‘ವಾಸಿಯಾಯಿತು’ ಎಂದು ಊರಿಗೆ ಹೊರಟುಬಿಡುವವರು ಇದನ್ನು ಮರೆಯಬಾರದು.

ಚಿಕಿತ್ಸೆಯ ನಡುವೆ ಇರುವ ಕೆಲವರಿಗೆ ಕ್ಯಾನ್ಸರಿನ ಗಡ್ಡೆಯಿಂದಲ್ಲದೆ ಚಿಕಿತ್ಸೆಯ ಉಪಕರಣದಿಂದಲೇ ಈ ತಡೆ ಬರುವುದುಂಟು. ಪದೇ ಪದೇ ಚುಚ್ಚುವುದನ್ನು ತಪ್ಪಿಸಲು ಎದೆಯ ಚರ್ಮದಡಿ ಕೂರಿಸುವ ಕಿಮೊಪೋರ್ಟಿನ ಕೊಳವೆಯ ತುದಿ ಇರುವುದು ಈ ಮಹಾಸಿರೆಯ ಬಳಿಯಲ್ಲಿಯೇ. ಅದರ ಸುತ್ತ ರಕ್ತ ಹೆಪ್ಪುಗಟ್ಟಿದರೆ ಆ ಕಡೆಯ ತೋಳು, ಕುತ್ತಿಗೆ ಊದಿ ನೋಯುತ್ತವೆ. ಇದನ್ನು ರಕ್ತ ತೆಳುಮಾಡುವ ಔಷಧದಿಂದ ಗುಣಪಡಿಸುತ್ತಾರೆ; ಅನೇಕರಲ್ಲಿ ಪೋರ್ಟನ್ನು ಕೀಳಬೇಕಾಗುವುದಿಲ್ಲ. ಒಂದು ತೋಳು ಇನ್ನೊಂದಕ್ಕಿಂತ ದಪ್ಪವಾದಾಗ ಮುಂದಿನ ಸರದಿಯ ದಿನದವರೆಗೆ ಕಾಯದೆ ತಿಳಿಸುವುದೊಂದೇ ಇಲ್ಲಿ ಮನೆಯವರ ಕೆಲಸ.

ಇಷ್ಟನ್ನು ಬರೆದಮೇಲೆ ಕಹಿಯಾದ ಮಾತನ್ನೂ ಬರೆಯಬೇಕು. ಶ್ವಾಸಕೋಶದ ಕ್ಯಾನ್ಸರ್ ಈ ಸಿರೆಯನ್ನು ಒತ್ತುವಷ್ಟು ಬೆಳೆದಿದ್ದರೆ ಅದು ಸಾಮಾನ್ಯವಾಗಿ ಮುಂದುವರಿದ ಹಂತ. ಮುಂದಿನ ಆಯುಸ್ಸನ್ನು ಅನೇಕರಲ್ಲಿ ತಿಂಗಳುಗಳಲ್ಲಿ ಎಣಿಸಬೇಕಾಗುತ್ತದೆ. ಆದರೆ ಇದೇ ಬಾವು ಇಪ್ಪತ್ತೈದರ ಹುಡುಗನಿಗೆ ಲಿಂಫೋಮಾದಿಂದ ಬಂದಿದ್ದರೆ ಅವನು ಪೂರ್ಣ ಗುಣಹೊಂದಿ ಮದುವೆಯಾಗಿ ಮಕ್ಕಳನ್ನು ಕಾಣುವುದು ಸಂಭವನೀಯ. ಕನ್ನಡಿಯಲ್ಲಿ ಕಾಣುವ ಮುಖ ಇಬ್ಬರದೂ ಒಂದೇ. ಬಯಾಪ್ಸಿಗೆ ಮುಂಚೆಯೇ ‘ಇನ್ನೇನು ಮಾಡುವುದು, ಊರಿಗೆ ಕರೆದುಕೊಂಡು ಹೋಗೋಣ’ ಎಂದು ನಿರ್ಧರಿಸುವ ಹಿರಿಯರು ನಮ್ಮ ಕುಟುಂಬಗಳಲ್ಲಿ ಇಂದಿಗೂ ಇದ್ದಾರೆ. ಅವರ ದುಃಖ ಪ್ರಾಮಾಣಿಕವಾದುದು, ನಿರ್ಧಾರ ಮಾತ್ರ ಅಕಾಲಿಕ. ರೋಗಿಯಿಂದ ಎಲ್ಲವನ್ನೂ ಮರೆಮಾಡುವ ಪದ್ಧತಿಯೂ ಇಲ್ಲಿ ತೊಡಕನ್ನೇ ತರುತ್ತದೆ. ಬಗ್ಗಬಾರದು, ಚಪ್ಪಟೆ ಮಲಗಬಾರದು, ಕೈಗೆ ಸೂಜಿ ಹಾಕಿಸಿಕೊಳ್ಳಬಾರದು ಎಂಬುದರ ಕಾರಣ ತಿಳಿಯದ ರೋಗಿ ಇವುಗಳನ್ನು ಪಾಲಿಸುವುದು ಹೇಗೆ?

ಚಿಕಿತ್ಸೆಯಿಂದ ಇನ್ನು ಫಲವಿಲ್ಲವೆಂದು ವೈದ್ಯರೇ ಹೇಳಿದ ಕಾಲಕ್ಕೆ, ನಗರದ ಈ ಪೂರ್ವಭಾಗದವರಿಗೆ ಸಮೀಪದಲ್ಲಿಯೇ ಒಂದು ಆಸರೆಯುಂಟು. ಮಾರತಹಳ್ಳಿಯಿಂದ ವರ್ತೂರಿಗೆ ಹೋಗುವ ರಸ್ತೆಯಲ್ಲಿ, ಕುಂದಲಹಳ್ಳಿಯ ಬಳಿ, ಕರುಣಾಶ್ರಯವೆಂಬ ಸಂಸ್ಥೆಯಿದೆ. ೧೯೯೪ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನವರು ೧೯೯೯ರಿಂದ ಅಲ್ಲಿ ಮುಂದುವರಿದ ಕ್ಯಾನ್ಸರಿನ ರೋಗಿಗಳನ್ನು ಇರಿಸಿಕೊಂಡು, ಹಣ ತೆಗೆದುಕೊಳ್ಳದೆ, ನೋವು ಮತ್ತು ಉಸಿರಿನ ಸಂಕಟಗಳನ್ನು ತಗ್ಗಿಸುವ ಆರೈಕೆ ಮಾಡುತ್ತ ಬಂದಿದ್ದಾರೆ. ಮನೆಗೇ ಬಂದು ನೋಡುವ ದಾದಿಯರ ಏರ್ಪಾಡೂ ಉಂಟು. ಉಸಿರಿನ ಬಾಧೆಗೆ ಅತ್ಯಲ್ಪ ಪ್ರಮಾಣದಲ್ಲಿ ಕೊಡುವ ಮಾರ್ಫಿನ್, ತಲೆ ಎತ್ತರವಾಗಿರುವ ಮಂಚ, ತೆರೆದ ಕಿಟಕಿ, ಮುಖದ ಮೇಲೆ ಮೆಲ್ಲನೆ ಬೀಸುವ ಫ್ಯಾನು, ಇಷ್ಟರಿಂದಲೇ ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತಿದ್ದವರು ಕಣ್ಣುಮುಚ್ಚಿ ನಿದ್ದೆಮಾಡುವುದನ್ನು ಅಲ್ಲಿ ಕಾಣಬಹುದು.